ಸಾಹೇಬರ ಹಲ್ಲಿನ ಸೆಟ್ಟು

ಲ್ಯಾಬಿನಲ್ಲಿ ಆತನನ್ನು ಎಲ್ಲರೂ ಹಲ್ಲಣ್ಣ ಎಂದೇ ಕರೆಯುತ್ತಾರೆ. ಬಾಯಲ್ಲಿ ಒಂದೂ ಹಲ್ಲು ಉಳಿಯದವರಿಗೆ ಮೇಲಿನದೊಂದು, ಕೆಳಗಿನದೊಂದು ಸೆಟ್ಟು ಮಾಡಿಕೊಡುವುದು ಆತನ ಕಸುಬು. ಪೇಟೆಬೀದಿಯ ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಲ್ಯಾಬು. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ವಸಡಿನ ಅಚ್ಚು ತೆಗೆದು ರಟ್ಟಿನ ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಹಲ್ಲಣ್ಣ ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದ ಮೇಲೆ ಹಲ್ಲುಗಳನ್ನು ಸಾಲಾಗಿ ಕೂರಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಅದೇ ಡಬ್ಬಿಯಲ್ಲಿ ಹಿಂದಕ್ಕೆ ಕಳಿಸುತ್ತಾನೆ. ಅದು ಯಾರ ಬಾಯಿ, ಬೈಯುವ ಬಾಯೋ ಹಾಡುವ ಬಾಯೋ, ಒಂದೂ ತಿಳಿಯುವುದಿಲ್ಲ. ತಲೆಗೂದಲು ನರೆಯುವಷ್ಟು ಕಾಲ ಹಲ್ಲು ಮಾಡಿದ್ದರೂ, ತಾನು ಮಾಡಿದ ಹಲ್ಲಿನಲ್ಲಿ ಯಾರಾದರೂ ಅಗಿಯುವುದನ್ನು ಆತ ಕಂಡವನಲ್ಲ.

ಆತನ ಹೆಮ್ಮೆ ಒಂದೇ. ಸಂದಿ ಬಿಡುವುದಿಲ್ಲ. ಹಲ್ಲಿಗೂ ಹಲ್ಲಿಗೂ ನಡುವೆ ಕೂದಲೆಳೆ ತೂರಬಾರದು. ಅಡಿಯಲ್ಲಿ ವಸಡಿನ ಅಂಚು ಇಳಿಜಾರಾಗಿ ಸರಾಗವಾಗಿರಬೇಕು, ತುತ್ತು ಎಲ್ಲೂ ನಿಲ್ಲದೆ ಜಾರಿ ಹೋಗಬೇಕು. ಲ್ಯಾಬಿನ ಯಜಮಾನಿ ಹೊಸದಾಗಿ ಸೇರಿದವರಿಗೆ ಆತನ ಸೆಟ್ಟನ್ನು ಬೆಳಕಿಗೆ ಹಿಡಿದು ತೋರಿಸಿ, "ನೋಡಿ, ಬೆಳಕೂ ಇಣುಕಲ್ಲ" ಎನ್ನುತ್ತಿದ್ದರು.

ಮನೆ ಎರಡನೆಯ ಮಹಡಿಯಲ್ಲಿ. ಒಂದು ನಡುಮನೆ, ಒಂದು ಮಲಗುವ ಕೋಣೆ, ಮಾವನಿಗೊಂದು ಪುಟ್ಟ ಕೋಣೆ. ನಡುಮನೆಯ ಗೋಡೆಗೊರಗಿ ಗಾಜಿನ ಟ್ಯಾಂಕು. ಡಾಕ್ಟರೊಬ್ಬರು ಕ್ಲಿನಿಕ್ಕು ಮುಚ್ಚುವಾಗ, ರೋಗಿಗಳು ಕಾಯುವ ಕೋಣೆಯಲ್ಲಿದ್ದ ಅದನ್ನು ಹಲ್ಲಣ್ಣನಿಗೆ ಕೊಟ್ಟಿದ್ದರು. ಸಿಹಿನೀರಿನ ಮೀನು ಸಾಕಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆತ ಹಿಡಿದದ್ದು ಉಪ್ಪುನೀರಿನ ದಾರಿ. ಶುದ್ಧ ನೀರಿಗೆ ಅಳೆದು ಉಪ್ಪು ಕಲಸಬೇಕು, ಆವಿಯಾದಷ್ಟು ನೀರು ಮತ್ತೆ ತುಂಬಬೇಕು, ಉಪ್ಪಿನ ಅಂಶ ಒಂದಿಷ್ಟೂ ಏರುಪೇರಾಗಬಾರದು. ಪುಡಿ, ದ್ರವ ಅಳೆದು ಬೆರೆಸುವ ಕೈಗೆ ಈ ಕೆಲಸ ಒಗ್ಗಿತು. ಸಮುದ್ರದ ಕಲ್ಲು ಬಂದು ಕೂತವು, ಬೆರಳುಗುರಿನಷ್ಟಿದ್ದ ನೀಲಿ ಮೀನುಗಳು ಬಂದವು. ಆಮೇಲೆ ಆಸೆ ಚಿಟ್ಟೆಮೀನಿನ ಮೇಲೆ ಬಿತ್ತು.

ಮೊದಲು ತಂದ ಚಿಟ್ಟೆಮೀನು, ಬೆನ್ನಿನ ರೆಕ್ಕೆಯಿಂದ ಬಾಲದಾಚೆಗೆ ಎಳೆಯೊಂದನ್ನು ಇಳಿಬಿಟ್ಟಿದ್ದ ಬಿಳಿ ಮೀನು. ಅದು ಏನನ್ನೂ ತಿನ್ನಲಿಲ್ಲ. ದಿನದಿನಕ್ಕೂ ಸೊರಗಿ ಕಾಗದದಂತಾಗಿ, ಹಲ್ಲಣ್ಣ ಲ್ಯಾಬಿನಲ್ಲಿದ್ದಾಗ ಸತ್ತುಹೋಯಿತು. ಬಲೆ ಹಿಡಿದು ಅದನ್ನು ಮೇಲಕ್ಕೆತ್ತಿದ್ದು ಹೆಂಡತಿ. ಆಕೆ ಶಾಲೆಯಲ್ಲಿ ಆಟದ ಟೀಚರು. ಮಕ್ಕಳ ಮಂಡಿ ಒಡೆದರೂ ಭುಜ ಜಾರಿದರೂ ಮುಖ ಕದಲಿಸದ ಹೆಂಗಸು. ಆ ಸಂಜೆ ಮಾತ್ರ ಬಲೆಯನ್ನು ಕೈಯಲ್ಲೇ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದಳು.

"ಇನ್ನೊಂದು ತರ್ತೀನಿ ಅಂದ್ರೆ ತನ್ನಿ" ಎಂದಳು. "ಆದ್ರೆ ಅದೂ ಹೀಗೇ ಹಸ್ಕೊಂಡು ಸತ್ರೆ ಟ್ಯಾಂಕು ಮನೇಲಿರಲ್ಲ. ಬೇಜಾರು ಮಾಡ್ಕೋಬೇಡಿ. ಊಟ ಎದುರಿಗಿಟ್ಕೊಂಡು ಒಂದು ಜೀವ ಸಾಯೋದನ್ನ ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ."

ಹಲ್ಲಣ್ಣ ಒಪ್ಪಿದ. ಸಿಟ್ಟಿನಿಂದ ಹೇಳಿದ್ದರೆ ವಾದ ಹೂಡಬಹುದಿತ್ತು. ಆಕೆ ಸಂಕಟದಿಂದ ಹೇಳಿದ್ದಳು.

ಮೀನಿನಂಗಡಿಯವನು ಈ ಸಲ ಬಹಳ ಯೋಚಿಸಿ ಕೊಟ್ಟ. ಹಳದಿ ಮೈ, ಕಣ್ಣಿನ ಮೇಲೆ ಅಗಲವಾದ ಕಪ್ಪು ಪಟ್ಟಿ, ಅದರ ಹಿಂದೆ ಬಿಳಿ ಪಟ್ಟಿ. "ಮುಖವಾಡದ ಚಿಟ್ಟೆ ಅಂತೀವಿ ಇದಕ್ಕೆ. ಚಿಟ್ಟೆಮೀನುಗಳಲ್ಲೇ ಗಟ್ಟಿ ಜೀವ. ಇದೂ ನಿಮ್ಮನೇಲಿ ಬದುಕಲಿಲ್ಲ ಅಂದ್ರೆ, ಅಣ್ಣಾ, ನೀವು ಹೂವಿನ ಕುಂಡ ಇಟ್ಕೊಳ್ಳಿ."

ಮನೆಗೆ ಬಂದ ಮೀನು ಟ್ಯಾಂಕಿನಲ್ಲಿ ಒಂದು ಸುತ್ತು ಹೊಡೆದು, ಕಲ್ಲಿನ ಪಕ್ಕದಲ್ಲಿ ನಿಂತು, ಎಲ್ಲರನ್ನೂ ಒಮ್ಮೆ ನೋಡಿ ಮುಖ ತಿರುಗಿಸಿತು. ಟ್ಯಾಂಕಿನ ಎದುರು ಕುರ್ಚಿಯಲ್ಲಿ ಕೂತಿದ್ದ ಮಾವ ಅದನ್ನು ಗಮನಿಸಿದರು. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಹಸಿರು ಬಾವುಟ ಬೀಸಿ ರೈಲು ಹೊರಡಿಸಿದ ಗತ್ತು ಇನ್ನೂ ಇಳಿದಿರಲಿಲ್ಲ.

"ಕಪ್ಪು ಕನ್ನಡಕ ಹಾಕ್ಕೊಂಡು ಇನ್ಸ್ಪೆಕ್ಷನ್ನಿಗೆ ಬರ್ತಿದ್ರಲ್ಲ ನಮ್ಮ ದೊಡ್ಡ ಸಾಹೇಬ್ರು, ಥೇಟ್ ಅವರೇ" ಎಂದರು. "ಕಾಫಿ ಕೊಟ್ರೂ ಮುಟ್ತಿರಲಿಲ್ಲ."

ಅಂದಿನಿಂದ ಅದು ಸಾಹೇಬರಾಯಿತು. ಸಾಹೇಬರು ನಿಜಕ್ಕೂ ಏನನ್ನೂ ಮುಟ್ಟಲಿಲ್ಲ.

ಹಿಮದಲ್ಲಿಟ್ಟ ಸಣ್ಣ ಸಿಗಡಿ ಕರಗಿಸಿ ಹಾಕಿದರೆ, ಅದು ಸಾಹೇಬರ ಮೂತಿಯ ಮುಂದೆಯೇ ತೇಲಿ ಹೋಯಿತು. ಬಾಯಿ ಬಿಡಿಸಿದ ಕಪ್ಪೆಚಿಪ್ಪನ್ನು ಇಟ್ಟರೆ ಹತ್ತಿರ ಬಂದು ನೋಡಿ ಹಿಂದೆ ಸರಿಯಿತು. ಅಂಗಡಿಯವನಿಗೆ ಫೋನು ಮಾಡಿದಾಗ ಅವನು ಹೇಳಿದ: "ಅದು ಸಮುದ್ರದಲ್ಲಿ ಕಲ್ಲಿನ ಸಂದೀಲಿ ಮೂತಿ ತೂರಿಸಿ ಕಿತ್ತು ತಿನ್ನೋದು. ಮೇಲಿಂದ ಉದುರೋದು ಊಟ ಅಂತ ಅದಕ್ಕೆ ಗೊತ್ತೇ ಇಲ್ಲ. ಸಂದೀಲಿ ತುರುಕಿ." ಹಲ್ಲಣ್ಣ ಸಿಗಡಿಯನ್ನು ಅರೆದು ಕಲ್ಲಿನ ಬಿರುಕುಗಳಿಗೆ ಮೆತ್ತಿದ. ಸಾಹೇಬರು ಮನಸ್ಸು ಮಾಡುವಷ್ಟರಲ್ಲಿ ನೀಲಿ ಮೀನುಗಳು ನುಗ್ಗಿ ಗುಡಿಸಿ ಹಾಕಿದವು. ಅವುಗಳ ಹೊಟ್ಟೆ ಉಬ್ಬಿತು. ಸಾಹೇಬರ ಹೊಟ್ಟೆ ಒಳಕ್ಕೆ ಹೋಯಿತು. ಹೆಂಡತಿ ಶಾಲೆಯಿಂದ ಬಂದವಳು ಟ್ಯಾಂಕಿನ ಕಡೆ ನೋಡದೆ ನೇರ ಅಡುಗೆಮನೆಗೆ ಹೋಗಲು ಶುರುಮಾಡಿದಳು.

ಮನೆಯಲ್ಲಿ ಊಟದ ತಕರಾರು ಇದೊಂದೇ ಆಗಿರಲಿಲ್ಲ. ಮಾವನಿಗೆ ಬಾಯಲ್ಲಿ ಹಲ್ಲಿರಲಿಲ್ಲ. ಅಳಿಯ ತನ್ನ ಕೈಯಾರೆ, ಇಡೀ ವೃತ್ತಿಯ ಜಾಣ್ಮೆ ಸುರಿದು ಅವರಿಗೊಂದು ಸೆಟ್ಟು ಮಾಡಿಕೊಟ್ಟಿದ್ದ. ಮಾವ ಅದನ್ನು ಕೆಲದಿನ, ಅಳಿಯ ಲ್ಯಾಬಿನಲ್ಲಿದ್ದಾಗ ಹಾಕಿ ನೋಡಿ, "ಆಗಲ್ಲಪ್ಪಾ" ಎಂದು ತೆಗೆದಿಟ್ಟಿದ್ದರು. ಮಗಳು ಎಲ್ಲವನ್ನೂ ಮಿಕ್ಸಿಯಲ್ಲಿ ಅರೆದು ಗಂಜಿ ಮಾಡಿ ಕೊಡುತ್ತಿದ್ದಳು. ಸೆಟ್ಟು ಮಾತ್ರ ನಡುಮನೆಯಲ್ಲೇ, ಟ್ಯಾಂಕಿನ ಪಕ್ಕದ ಕಪಾಟಿನ ಮೇಲೆ, ಒಂದು ಸ್ಟೀಲ್ ಲೋಟದ ಉಪ್ಪುನೀರಿನಲ್ಲಿ ಮುಳುಗಿಕೊಂಡಿರುತ್ತಿತ್ತು. ತಮ್ಮ ಕೋಣೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಮಾವ ಒಪ್ಪಲಿಲ್ಲ. ಬಂದ ನೆಂಟರಿಗೆ ಲೋಟ ಬಗ್ಗಿಸಿ ತೋರಿಸಿ, "ನಮ್ಮ ಅಳಿಯಂದಿರ ಕೈಕೆಲಸ. ನೋಡೋಕೆ ಮುತ್ತಿನ ಸರ. ತಿನ್ನೋಕೆ ಮಾತ್ರ ಬರಲ್ಲ" ಎನ್ನುವುದು ಅವರಿಗೊಂದು ಸುಖ.

ಅದೇ ಕಪಾಟಿನ ಮೇಲೆ ಹಲ್ಲಣ್ಣನದೂ ಒಂದು ಸ್ಟೀಲ್ ಲೋಟ. ಟ್ಯಾಂಕಿನ ನೀರನ್ನು ಅದರಲ್ಲಿ ಮೊಗೆದು, ಕಿಟಕಿಯ ಬೆಳಕಿಗೆ ಒಯ್ದು, ಉಪ್ಪಿನ ಅಂಶ ಅಳೆದು, ನೀರನ್ನು ಮತ್ತೆ ಟ್ಯಾಂಕಿಗೆ ಸುರಿಯುವುದು ಬೆಳಗಿನ ಕ್ರಮ. ಎರಡೂ ಒಂದೇ ಅಂಗಡಿಯ ಲೋಟ, ಎರಡರಲ್ಲೂ ಉಪ್ಪುನೀರು. ಇಂಥದೊಂದು ಮನೆಯಲ್ಲಿ ಆಗಲೇಬೇಕಾದದ್ದು ಅಷ್ಟು ದಿನ ಆಗದೆ ಇದ್ದದ್ದೇ ಹೆಚ್ಚು.

ಒಂದು ಭಾನುವಾರ ಬೆಳಿಗ್ಗೆ ನೀರು ಅಳೆದು ಲೋಟ ಕೆಳಗಿಟ್ಟಾಗ ಲ್ಯಾಬಿನ ಯಜಮಾನಿಯ ಫೋನು ಬಂತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಯಾರದೋ ಕೆಳದವಡೆಯ ವಿಚಾರಕ್ಕೆ ಹೂಂಗುಟ್ಟುತ್ತಾ, ಕೈಗೆ ಸಿಕ್ಕ ಲೋಟವನ್ನು ಆತ ಟ್ಯಾಂಕಿಗೆ ಬಗ್ಗಿಸಿದ. ನೀರು ಬಿದ್ದ ಸದ್ದು ಬರಬೇಕಿತ್ತು. ಬಂದದ್ದು ಡುಬಕ್ಕನೆ ಏನೋ ಮುಳುಗಿದ ಸದ್ದು. ಮಾವನ ಸೆಟ್ಟು ಮೇಲಿನದು ಕೆಳಗಿನದು ಎರಡೂ ಓಲಾಡುತ್ತಾ ಇಳಿದು, ಸಾಹೇಬರ ಕಲ್ಲಿನ ಮೇಲೆ ನಗುವಂತೆ ಕೂತವು.

ಫೋನು ಕೆಳಗಿಟ್ಟ ಹಲ್ಲಣ್ಣನಿಗೆ ಹೊಳೆದದ್ದು ಹಲ್ಲಲ್ಲ, ಹಲ್ಲು ತೊಳೆಯುವ ಗುಳಿಗೆ. ರಾತ್ರಿ ಲೋಟಕ್ಕೊಂದು ಗುಳಿಗೆ ಹಾಕಬೇಕೆಂದು ಮಾವನಿಗೆ ತಾನೇ ಡಬ್ಬಿ ತಂದುಕೊಟ್ಟಿದ್ದ. ಆ ಮದ್ದು ನೀರಿಗಿಳಿದರೆ, ಮೊದಲೇ ಹಸಿದು ಬಸವಳಿದ ಮೀನು ತಡೆಯುವುದಿಲ್ಲ.

"ಮಾವ, ಲೋಟಕ್ಕೆ ಗುಳಿಗೆ ಹಾಕಿದ್ರಾ?"

ಪೇಪರಿನ ಹಿಂದಿನಿಂದ ಮಾವ ತಲೆಯೆತ್ತಿದರು. "ಯಾವ ಗುಳಿಗೆ?"

"ಅದೇ, ಹಲ್ಲು ತೊಳೆಯೋದು. ನೀರಿಗೆ ಹಾಕಿದ್ರೆ ಬುರುಬುರು ಅನ್ನತ್ತಲ್ಲ."

ಮಾವನಿಗೆ ಇದು ತಮ್ಮ ಶುಚಿತ್ವದ ವಿಚಾರಣೆ ಎನಿಸಿತು. ಬೆನ್ನು ನೆಟ್ಟಗೆ ಮಾಡಿಕೊಂಡರು. "ಹಾಕದೆ ಇರ್ತೀನೇನಪ್ಪಾ? ದಿನಾ ತಪ್ಪದೆ ಹಾಕ್ತೀನಿ. ನಿನ್ನೆ ಬೇಕಾದ್ರೆ ಎರಡು ಹಾಕಿದೀನಿ."

ಬಕೆಟ್ಟು ಎಲ್ಲಿ, ಹೊಸ ಉಪ್ಪುನೀರು ಎಷ್ಟಿದೆ, ಮೀನನ್ನು ಮೊದಲು ಎಲ್ಲಿಗೆ ಎತ್ತಿಹಾಕುವುದು ಎಂದು ಹಲ್ಲಣ್ಣ ಒಂದೇ ಜಾಗದಲ್ಲಿ ಸುತ್ತತೊಡಗಿದ. ಗದ್ದಲ ಕೇಳಿ ಹೆಂಡತಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಬಂದಳು. ಒಂದು ನೋಟಕ್ಕೆ ಆಕೆಗೆ ಎಲ್ಲವೂ ಅರ್ಥವಾಯಿತು. ಸುಳ್ಳು ಹೇಳುವ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಿ ಅಭ್ಯಾಸವಿದ್ದ ದನಿಯಲ್ಲಿ ಕೇಳಿದಳು:

"ಅಪ್ಪಾ, ಗುಳಿಗೆ ಡಬ್ಬಿ ತೋರ್ಸು."

"ಏನಮ್ಮಾ ಇದು, ಕೋರ್ಟಾ?"

"ತೋರ್ಸು."

ಡಬ್ಬಿ ಮಾವನ ದಿಂಬಿನ ಹಿಂದಿನಿಂದ ಬಂತು. ಸೀಲು ಒಡೆದಿರಲಿಲ್ಲ. ಮುಚ್ಚಳದ ಮೇಲೆ ದೂಳು ಕೂತಿತ್ತು.

ಮಾವನ ಸುಳ್ಳು ಸಿಕ್ಕಿಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟ ಅಳಿಯ ಇನ್ನೊಬ್ಬನಿರಲಾರ. ಹಲ್ಲಣ್ಣ ಕುರ್ಚಿಗೆ ಕುಸಿದು, "ದೇವರು ದೊಡ್ಡವನು, ನೀವು ಸೋಮಾರಿ" ಎಂದ. ಆಮೇಲೆ ಎದ್ದು, ತೋಳು ಮಡಿಸಿ, ಸೆಟ್ಟು ತೆಗೆಯಲು ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದ.

"ರೀ, ಸುಮ್ನಿರಿ" ಎಂದಳು ಹೆಂಡತಿ, ದನಿ ತಗ್ಗಿಸಿ. "ಅಲ್ಲಿ ನೋಡಿ."

ಸಾಹೇಬರು ಕಲ್ಲಿನ ಮರೆಯಿಂದ ಹೊರಬಂದಿದ್ದರು. ಸೆಟ್ಟಿನ ಸುತ್ತ ಒಂದು ಸುತ್ತು ಹಾಕಿ, ಒಂದು ಕಣ್ಣಿನಿಂದ ನೋಡಿ, ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿದರು. ಅನಂತರ ಕೆಳದವಡೆಯ ಎಡಗಡೆ, ಹಿಂದಿನ ಎರಡು ಹಲ್ಲುಗಳ ಬುಡದಲ್ಲಿ ಚೂಪು ಮೂತಿಯನ್ನು ಇಟ್ಟು ಚಕ್ಕನೆ ಎಳೆದರು. ಏನೋ ಬಂತು. ಬಂದದ್ದು ಒಳಗೆ ಹೋಯಿತು. ಇನ್ನೊಮ್ಮೆ ಎಳೆದರು. ನೀಲಿ ಮೀನುಗಳು ಓಡಿಬಂದವು. ಅವುಗಳ ಮೊಂಡು ಬಾಯಿ ಆ ಸಂದಿಗೆ ಹಿಡಿಸಲಿಲ್ಲ. ಸುತ್ತ ಕುಣಿದು ಸೋತು ಹೋದವು.

ಸಾಹೇಬರು ಊಟ ಮಾಡುತ್ತಿದ್ದರು.

"ಏನ್ರೀ ತಿಂತಿರೋದು ಅದು?" ಎಂದಳು ಹೆಂಡತಿ.

ಹಲ್ಲಣ್ಣ ಗಾಜಿಗೆ ಮೂಗು ಒತ್ತಿದ. ತೆಳು ಕೆಂಪು ಎಳೆ. "ಸಿಗಡಿ" ಎಂದ.

ಗಂಜಿಯಲ್ಲಿ ಸಿಗಡಿ ಇರುವುದಿಲ್ಲ. ಗಂಜಿ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವುದೂ ಇಲ್ಲ. ಹೆಂಡತಿ ನಿಧಾನವಾಗಿ ತಂದೆಯ ಕಡೆಗೆ ತಿರುಗಿದಳು. ಮಾವ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು.

"ಅಪ್ಪಾ."

"ಬಸ್ ಸ್ಟಾಪಿನ ಹತ್ರ ಒಬ್ಬ ಗಾಡಿಯವನಿದಾನೆ" ಎಂದಿತು ಪೇಪರು. "ಬರೀ ಉಪ್ಪು ಹಾಕಿ ಬೇಯಿಸ್ತಾನೆ. ಎಣ್ಣೆ ಗಿಣ್ಣೆ ಏನೂ ಇಲ್ಲ."

"ಸಂಜೆ ವಾಕಿಂಗ್ ಅಂತ ಹೋಗೋದು ಅಲ್ಲಿಗಾ? ಜೇಬಲ್ಲಿ ಹಲ್ಲಿಟ್ಕೊಂಡು?"

"ಕರವಸ್ತ್ರದಲ್ಲಿ ಸುತ್ಕೊಂಡು ಹೋಗ್ತೀನಿ. ಹಾಗೇ ಹೋಗ್ತೀನಾ?"

"ನಾನು ಇಲ್ಲಿ ತಿಂಗಳುಗಟ್ಲೆ ಮಿಕ್ಸಿ ತಿರುಗಿಸ್ತಾ ಇದೀನಿ! ಮಿಕ್ಸಿ ಸುಟ್ಟು ಹೋಗಿ ಹೊಸ ಮಿಕ್ಸಿ ತಂದಿದೀನಿ!"

ಮಾವ ಪೇಪರು ಇಳಿಸಿದರು. ಮುಖದಲ್ಲಿ ತಪ್ಪಿತಸ್ಥನ ಕಳೆಗಿಂತ ದಣಿವು ಹೆಚ್ಚಿತ್ತು. "ಏನು ಮಾಡ್ಲಮ್ಮಾ? ಮೊದಲು ನಿಜಕ್ಕೂ ಆಗ್ಲಿಲ್ಲ. ಆಮೇಲೆ ಅಭ್ಯಾಸ ಆಯ್ತು. ಅಷ್ಟರಲ್ಲಿ ಊರಿಗೆಲ್ಲ ಆಗಲ್ಲ ಅಂತ ಹೇಳಿಬಿಟ್ಟಿದ್ದೆ. ಆಗಲ್ಲ ಅಂದೋನು ಆಗತ್ತೆ ಅನ್ನೋದು ಹೇಗೆ?"

ಹೆಂಡತಿ ಬೈಯಲು ಬಾಯಿ ತೆರೆದಳು. ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ನಡೆದಳು. ಅಲ್ಲಿಂದ ಮಿಕ್ಸಿಯ ಜಾರನ್ನು ಮೇಲಿನ ಅಟ್ಟಕ್ಕೆ ಎತ್ತಿಟ್ಟ ಸದ್ದು ಕೇಳಿಸಿತು.

ಹಲ್ಲಣ್ಣನಿಗೆ ಮಾತ್ರ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವ ತನ್ನ ಸೆಟ್ಟಿನಲ್ಲಿ ಸಿಗಡಿ ಅಗಿಯುತ್ತಾರೆ ಎಂಬುದು ಎದೆ ಉಬ್ಬಿಸುವ ಸುದ್ದಿ. ಎಡಗಡೆ ಹಿಂದೆ ಸಿಗಡಿ ಸಿಕ್ಕಿಕೊಳ್ಳುತ್ತದೆ ಎಂಬುದು ಮುಖಕ್ಕೆ ಹೊಡೆದ ಸುದ್ದಿ. ಬೆಳಕೂ ಇಣುಕದ ಸೆಟ್ಟಿನಲ್ಲಿ ಸಂದಿಯೊಂದಿತ್ತು. ಅದನ್ನು ಕಂಡುಹಿಡಿದದ್ದು ಒಂದು ಮೀನು.

ಸೆಟ್ಟು ಮಾವನದು. ಅದನ್ನು ಟ್ಯಾಂಕಿನಿಂದ ತೆಗೆಯಲೇಬೇಕು. ಹೆಂಡತಿ ಅದನ್ನು ಕುದಿಯುವ ನೀರಿಗೆ ಹಾಕಲು ಹೊರಟಾಗ ಹಲ್ಲಣ್ಣ, "ಬೇಡ ಬೇಡ, ಸೊಟ್ಟಗಾಗತ್ತೆ" ಎಂದು ತಡೆದು, ಮಾವನಿಂದಲೇ ಗುಳಿಗೆ ಡಬ್ಬಿಯ ಸೀಲು ಒಡೆಸಿದ. ಸಾಹೇಬರಿಗೆ ಅವರದೇ ಒಂದು ಸೆಟ್ಟು ಮಾಡಿಕೊಡುವುದೆಂದು ತೀರ್ಮಾನವಾಯಿತು.

ಮರುದಿನ ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಹಲ್ಲಣ್ಣ ಮೇಣ ಕಾಯಿಸಿಕೊಂಡು ಕೂತದ್ದನ್ನು ಯಜಮಾನಿ ನೋಡಿದರು.

"ಯಾರದು ಕೇಸು?"

"ಸಾಹೇಬ್ರದು."

"ಯಾವ ಸಾಹೇಬ್ರು? ಡಬ್ಬಿ ಎಲ್ಲಿ, ಅಚ್ಚು ಎಲ್ಲಿ?"

ಆತ ಹೇಳಿದ. ಯಜಮಾನಿ ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಂದ್ರೆ ನೀವು ಬೇಕಂತಲೇ ಸಂದಿ ಬಿಟ್ಟು ಸೆಟ್ಟು ಮಾಡ್ತೀರಾ? ಇದನ್ನ ನೋಡಲೇಬೇಕು" ಎಂದು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

ನೋಡುವಂಥದ್ದೇನೂ ಆಗಲಿಲ್ಲ. ಆತನ ಬುದ್ಧಿ ಸಂದಿ ಬಿಡು ಎನ್ನುತ್ತಿತ್ತು, ಬೆರಳು ಮುಚ್ಚುತ್ತಿತ್ತು. ಹಲ್ಲನ್ನು ಓರೆಯಾಗಿಟ್ಟು ಅತ್ತ ತಿರುಗಿ ಇತ್ತ ಬರುವಷ್ಟರಲ್ಲಿ ಅದೇ ಕೈ ಅದನ್ನು ನೇರ ಮಾಡಿರುತ್ತಿತ್ತು. ಬುಡದಲ್ಲಿ ಗುಳಿ ತೋಡಿದರೆ ಹೆಬ್ಬೆರಳು ತನ್ನಷ್ಟಕ್ಕೆ ಸವರಿ ಮಟ್ಟ ಮಾಡುತ್ತಿತ್ತು. "ನಿಮಗೆ ಕೆಟ್ಟ ಕೆಲಸ ಕಲಿಸೋಕೆ ಬೇರೆ ಲ್ಯಾಬಿಗೆ ಕಳಿಸ್ಬೇಕು" ಎಂದರು ಯಜಮಾನಿ. ಕೊನೆಗೆ ಬೇಯಿಸಿ, ನೀರಿನಲ್ಲಿ ನೆನೆಸಿ ವಾಸನೆ ಹೋಗಿಸಿ, ಸಾಹೇಬರ ಮುಂದೆ ಇಟ್ಟದ್ದು ಯಾವ ಡಾಕ್ಟರೂ ಮೆಚ್ಚುವಂಥ ಸೆಟ್ಟು. ಅರೆದ ಸಿಗಡಿಯನ್ನು ಮೆತ್ತಿದರೆ, ಟ್ಯಾಂಕಿನ ಪಂಪಿನ ನೀರಿನ ಎಳೆತಕ್ಕೆ ಅದು ಜಾರಿ ಹೋಯಿತು. ನೀಲಿ ಮೀನುಗಳು ಬಾಯಿ ತೆರೆದು ಕಾದಿದ್ದವು. ಸಾಹೇಬರು ಸೆಟ್ಟಿನ ಸುತ್ತ ಒಂದು ಸುತ್ತು ಹಾಕಿ, ಎಡಗಡೆ ಹಿಂದೆ ಮೂತಿ ಇಟ್ಟು, ಏನೂ ಸಿಗದೆ ಕಲ್ಲಿನ ಮರೆಗೆ ಹೋದರು.

ಮತ್ತೊಂದು ಮಾಡಲು ಕೂತ. ಅದೂ ಹಾಗೇ ಆಯಿತು. ಈ ನಡುವೆ ಸಾಹೇಬರು ಮತ್ತೆ ಉಪವಾಸ. ಆ ಒಂದು ಊಟದ ಚೈತನ್ಯ ಇಳಿದು, ಬೆನ್ನಿನ ಮೇಲೆ, ತಲೆಯ ಹಿಂದೆ ಹಳ್ಳ ಬೀಳತೊಡಗಿತ್ತು. ಮೊದಲಿನ ಮೀನಿಗೂ ಹೀಗೇ ಹಳ್ಳ ಬಿದ್ದಿತ್ತು. ಹೆಂಡತಿ ಟ್ಯಾಂಕಿನ ಕಡೆ ನೋಡುವುದನ್ನು ಮತ್ತೆ ಬಿಟ್ಟಳು. ಹಲ್ಲಣ್ಣನಿಗೆ ಅದು ಮಾತಿಗಿಂತ ಹೆಚ್ಚು ಕೇಳಿಸಿತು.

ಆ ವಾರದ ಒಂದು ಮಧ್ಯಾಹ್ನ ಮನಸ್ಸು ನಿಲ್ಲದೆ ಆತ ಲ್ಯಾಬಿನಿಂದ ಬೇಗ ಮನೆಗೆ ಬಂದ. ಬಾಗಿಲು ತೆರೆದಾಗ ಮಾವ ಟ್ಯಾಂಕಿನ ಎದುರಿನ ಕುರ್ಚಿಯಲ್ಲಿ ಕೂತು ಬಟ್ಟಲಿನಿಂದ ಗಂಜಿ ಕುಡಿಯುತ್ತಿದ್ದರು. ಮಗಳು ಮಾಡಿದ್ದಲ್ಲ, ತಾವೇ ಕಲಸಿಕೊಂಡ ಗಂಟುಗಂಟು ಗಂಜಿ. ಟ್ಯಾಂಕಿನೊಳಗೆ, ಸಂದಿಗೆ ಸಿಗಡಿ ಮೆತ್ತಿ, ದಾರವೊಂದಕ್ಕೆ ಕಟ್ಟಿ ಇಳಿಬಿಟ್ಟ ಅವರ ಸೆಟ್ಟು. ದಾರದ ಇನ್ನೊಂದು ತುದಿ ಮಾವನ ಬೆರಳಿಗೆ ಸುತ್ತಿತ್ತು. ಸಾಹೇಬರು ಎಡಗಡೆ ಹಿಂದೆ ಮೂತಿ ತೂರಿಸಿ ಎಳೆಯುತ್ತಿದ್ದರು.

ಹಲ್ಲಣ್ಣ ಬಾಗಿಲಲ್ಲೇ ನಿಂತು ಕೇಳಿದ.

"ನೀವು ಇದನ್ನ ಎಷ್ಟು ದಿನದಿಂದ ಮಾಡ್ತಿದೀರ?"

"ನಿನ್ನೆಯಿಂದ. ಮಗಳಿಗೆ ಹೇಳ್ಬೇಡ, ಗಲೀಜು ಅಂತಾಳೆ. ಆಮೇಲೆ ಗುಳಿಗೆ ಹಾಕಿ ತೊಳಿತೀನಿ. ನಿಜವಾಗ್ಲೂ ಹಾಕ್ತೀನಿ, ಬೇಕಾದ್ರೆ ಡಬ್ಬಿ ನೋಡು."

"ನಿಮ್ಮ ಊಟ?"

"ನನಗೆ ಗಂಜಿ ಅಭ್ಯಾಸ ಇದೆಯಪ್ಪಾ" ಎಂದರು ಮಾವ. "ಅದಕ್ಕೆ ಏನು ಅಭ್ಯಾಸ ಇದೆ, ಪಾಪ."

ಹಲ್ಲಣ್ಣ ಚೀಲ ಕೆಳಗಿಟ್ಟು ನೆಲದ ಮೇಲೆ ಕೂತ. ಬಹಳ ಹೊತ್ತು ಸಾಹೇಬರ ಊಟ ನೋಡಿದ. ಆಮೇಲೆ, ಇಷ್ಟು ವರ್ಷಗಳಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದ.

"ಮಾವ, ಎಲ್ಲಿ ಸಿಕ್ಕಿಕೊಳ್ಳತ್ತೆ? ಸರಿಯಾಗಿ ಹೇಳಿ."

ಮಾವನ ಮುಖ ಅರಳಿತು. ಇಷ್ಟು ದಿನ ಅವರು ಆಗಲ್ಲ ಎಂದದ್ದೊಂದೇ, ಏನಾಗಲ್ಲ ಎಂದು ಕೇಳಿದವರಿರಲಿಲ್ಲ. ಸೆಟ್ಟನ್ನು ಮೇಲಕ್ಕೆಳೆದು, ತೊಳೆದು, ಬಾಯಿಗಿಟ್ಟುಕೊಂಡು, ಬ್ರೆಡ್ಡು ತಿಂದು ತೋರಿಸಿದರು, ಸೇಬು ತಿಂದು ತೋರಿಸಿದರು. "ಇಲ್ಲಿ, ಈ ಹಲ್ಲಿನ ಅಡೀಲಿ ಒಂದು ಸಣ್ಣ ಗೂಡಿದೆ. ಒಳಗೆ ಅಗಲ, ಬಾಯಿ ಕಿರಿದು. ಹೋಗೋದು ಸುಲಭ, ಬರೋದು ಕಷ್ಟ. ನಾನು ನಾಲಿಗೇಲಿ ತಡಕಿ ತಡಕಿ ಸಾಕಾಗಿದೀನಿ." ಹಲ್ಲಣ್ಣ ಬಗ್ಗಿ, ಟಾರ್ಚು ಬಿಟ್ಟು, ಅಗಿಯುವ ಬಾಯಿಯೊಂದನ್ನು ಮೊದಲ ಸಲ ಹತ್ತಿರದಿಂದ ನೋಡಿದ. ಅಚ್ಚು ಒಂದೇ ಜಾಗದಲ್ಲಿ ನಿಂತಿರುತ್ತದೆ. ಬಾಯಿ ನಿಲ್ಲುವುದಿಲ್ಲ. ಮಾವ ಎಡಗಡೆಯಲ್ಲೇ ಹೆಚ್ಚು ಅಗಿಯುತ್ತಾರೆ, ದವಡೆ ಅತ್ತಲೇ ಜಾರುತ್ತದೆ, ಹಿಂದಿನ ಅಂಚು ಅಷ್ಟೇ ಅಷ್ಟು ಮೇಲೇಳುತ್ತದೆ. ಆ ಒತ್ತಡಕ್ಕೆ ಸವೆದು, ಮೇಜಿನ ಮೇಲೆ ಮಾಡುವಾಗ ಇಲ್ಲದಿದ್ದ ಗೂಡು ಅಲ್ಲಿ ಬಿದ್ದಿತ್ತು.

ಆ ಗೂಡನ್ನು ಆತ ಮಾವನ ಸೆಟ್ಟಿನಲ್ಲಿ ಮುಚ್ಚಿದ. ಅದೇ ಗೂಡನ್ನು ಸಾಹೇಬರ ಸೆಟ್ಟಿನಲ್ಲಿ ಪ್ರತಿ ಹಲ್ಲಿನ ಅಡಿಯಲ್ಲೂ ತೋಡಿದ. ಈ ಸಲ ಬೆರಳು ತಕರಾರು ಮಾಡಲಿಲ್ಲ. ಕೆಟ್ಟ ಸೆಟ್ಟು ಮಾಡುವುದು ಆತನಿಗೆ ಆಗದ ಮಾತಾಗಿತ್ತು. ಸಂದಿಯೇ ಬೇಕೆನ್ನುವ ಗಿರಾಕಿಗೆ ಸರಿಯಾದ ಸೆಟ್ಟು ಮಾಡುವುದಾದರೆ ಸರಿ. ಯಜಮಾನಿ ಅದನ್ನು ಬೆಳಕಿಗೆ ಹಿಡಿದು, "ಜರಡಿ ಇದ್ದ ಹಾಗಿದೆ" ಎಂದರು. ಹಲ್ಲಣ್ಣ ಸಂಕೋಚವಿಲ್ಲದೆ ನಕ್ಕ.

ಸಾಹೇಬರು ಆ ಸೆಟ್ಟನ್ನು ಒಪ್ಪಿಕೊಂಡರು. ಮೂತಿ ಒಂದೊಂದೇ ಗೂಡಿಗೆ ಹೋಗಿ ಬಂತು. ಬೆಳಿಗ್ಗೆ ಮೆತ್ತಿದ ಸಿಗಡಿ ಮಧ್ಯಾಹ್ನಕ್ಕೆ ಖಾಲಿಯಾಗುತ್ತಿತ್ತು. ಮಧ್ಯಾಹ್ನದ್ದು ಸಂಜೆಗೆ. ಬೆನ್ನಿನ ಹಳ್ಳ ತುಂಬಿತು, ಹಳದಿ ಬಣ್ಣ ಬಿಸಿಲಿನಂತೆ ಹೊಳೆಯಿತು. ಹೆಂಡತಿ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಕುರ್ಚಿಯ ಹಿಂದೆ ನಿಂತು. ಒಂದು ದಿನ ಸಿಗಡಿ ಮೆತ್ತುವಾಗ ಒಂದು ತುಣುಕು ಆಕೆಯ ಕೈತಪ್ಪಿ ತೇಲಿತು. ಸಾಹೇಬರು ನೀಲಿ ಮೀನುಗಳ ನಡುವೆ ನುಗ್ಗಿ ಅದನ್ನು ನಡುನೀರಿನಲ್ಲೇ ಹಿಡಿದು ನುಂಗಿದರು. ಆಕೆ ಇನ್ನೊಂದು ಹಾಕಿದಳು. ಅದೂ ಹೋಯಿತು. ಶಾಲೆಗೆ ಹೊತ್ತಾದದ್ದು ಆಕೆಗೆ ನೆನಪಾಗಲಿಲ್ಲ.

"ತಿಂತಿದೆ ಕಣ್ರೀ" ಎಂದು ಲ್ಯಾಬಿಗೆ ಫೋನು ಮಾಡಿದಳು. "ಮೇಲಿಂದ ಹಾಕಿದ್ದನ್ನೇ ತಿಂತಿದೆ. ನನ್ನ ಮುಖ ನೋಡಿ ಮೂತಿ ಹೊರಗೆ ಹಾಕತ್ತೆ, ಇನ್ನೂ ಕೊಡು ಅಂತ."

ಆಮೇಲೆ ಮೀನಿನಂಗಡಿಗೆ ಹೋಗುವುದು ಆಕೆಯದೇ ಕೆಲಸವಾಯಿತು. ಸಾಹೇಬರು ಅಂಗೈಯಗಲ ಆದಾಗ ಅಂಗಡಿಯವನು ಫೋಟೋ ನೋಡಿ, "ಅಕ್ಕಾ, ಇದು ಇನ್ನೂ ಬೆಳೆಯತ್ತೆ. ಈ ಟ್ಯಾಂಕು ಇದಕ್ಕೆ ಸಾಲಲ್ಲ" ಎಂದ. ಆಕೆ ಮನೆಯಲ್ಲಿ ಈ ಮಾತನ್ನು ಎತ್ತಲಿಲ್ಲ.

ಅದಾದ ಮೇಲಿನ ಶನಿವಾರ ಹಲ್ಲಣ್ಣ ಮೆಟ್ಟಿಲು ಹತ್ತಿ ಬಂದಾಗ ನಡುಮನೆಯ ಸೋಫಾ ಬಾಗಿಲ ಹೊರಗಿತ್ತು. ಅದರ ಮೇಲೆ ಮಾವ ಕೂತು ಕಡಲೆಕಾಯಿ ಬೀಜ ಕಟಕಟ ಅಗಿಯುತ್ತಿದ್ದರು.

"ಏನಾಯ್ತು ಮಾವ?"

"ದೊಡ್ಡ ಟ್ಯಾಂಕು ಬರತ್ತಂತೆ. ಈ ಸೋಫಾಗೆ ಜಾಗ ಇಲ್ಲವಂತೆ. ಹಾಗಾದ್ರೆ ನಾನು ಎಲ್ಲಿ ಕೂತ್ಕೊಳ್ಳೋದಮ್ಮಾ ಅಂದೆ. ಸಾಹೇಬ್ರನ್ನ ಕೇಳಿ ಹೇಳ್ತೀನಿ ಅಂದ್ಲು."

ಒಳಗೆ ಹೆಂಡತಿ ಅಳತೆ ಟೇಪು ಬಿಚ್ಚಿಕೊಂಡು ಖಾಲಿ ಗೋಡೆಯ ಮುಂದೆ ನಿಂತಿದ್ದಳು. ಶಾಲೆಯ ಮೈದಾನದಲ್ಲಿ ಓಟದ ಗೆರೆ ಎಳೆಯುವಾಗಿನ ಗಾಂಭೀರ್ಯವೇ ಮುಖದಲ್ಲಿತ್ತು.

"ಬಂದ್ರಾ? ಆ ತುದಿ ಹಿಡ್ಕೊಳ್ಳಿ" ಎಂದಳು. "ಬಿಗಿಯಾಗಿ. ಸಡಿಲ ಬಿಡಬೇಡಿ, ಅಳತೆ ತಪ್ಪತ್ತೆ."

ಹಲ್ಲಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಹೋಗಿ ತುದಿ ಹಿಡಿದುಕೊಂಡ.